ಭರಣಿ, ಕಾಲುಚೀಲ, ಬೀಗದ ಕೈ

1967ನೆಯ ಇಸವಿ ಫೆಬ್ರವರಿ 27ರಂದು ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆಯಲ್ಲಿ ಒಂದು ಸುದ್ದಿ ಅಚ್ಚಾಯಿತು. ಹದಿನೇಳರ ಹರೆಯದ ವಿದ್ಯಾರ್ಥಿನಿಯೊಬ್ಬಳು ಹೇಳದೆ ಕೇಳದೆ ಮನೆ ಬಿಟ್ಟು ಹೋಗಿದ್ದಳು. ದಿಕ್ಕು ತೋಚದ ತಂದೆ ಪತ್ರಿಕೆಯವರೊಡನೆ ತನ್ನ ಅಳಲನ್ನು ತೋಡಿಕೊಂಡಿದ್ದನು. ಮಗಳು ಏಕೆ ಹೋದಳೆಂಬುದು ಅವನ ಊಹೆಗೆ ನಿಲುಕದು; ಮನೆಯಲ್ಲಿ ಅವಳಿಗೆ ಯಾವುದಕ್ಕೂ ಕೊರತೆಯಿರಲಿಲ್ಲ; ಉಡುಗೆತೊಡುಗೆಗಳೆಂದರೆ ಅಷ್ಟು ಆಸೆಪಡುತ್ತಿದ್ದವಳು ಅವನ್ನೆಲ್ಲ, ತುಪ್ಪುಳಿನ ಕೋಟನ್ನು ಸಹ, ಬಿಟ್ಟೇ ಹೋಗಿದ್ದಳು. ಅವಳಿಗೆಂದೇ ಇದ್ದ ಕಾರೂ ಹಿಂದೆ ಉಳಿದಿತ್ತು. ಮಕ್ಕಳನ್ನು ಬೆಳೆಸಿದ ಯಾವ ಮನೆಯವರಿಗಾದರೂ ಈ ಮಾತು ಅಪರಿಚಿತವಲ್ಲ. ‘ನಾವು ಏನು ಕಡಿಮೆ ಮಾಡಿದ್ದೆವು?’ ಎಂಬ ಪ್ರಶ್ನೆಗೆ ದೇಶಭಾಷೆಗಳ ಎಲ್ಲೆಯಿಲ್ಲ.

ಈ ಸುದ್ದಿ ಬೀಟಲ್ಸ್ ಎಂಬ ಜಗತ್ಪ್ರಸಿದ್ಧ ಗಾಯಕ ತಂಡದ ಪಾಲ್ ಮೆಕಾರ್ಟ್ನಿಯ ಕಣ್ಣಿಗೆ ಬಿತ್ತು. ಮೂರು ವಾರ ಕಳೆಯುವುದರೊಳಗೆ ಅದು ಹಾಡಾಗಿ, ವಾದ್ಯಗಾರರು ಅದನ್ನು ನುಡಿಸಿಯೂ ಆಗಿತ್ತು. ‘ಷೀಸ್ ಲೀವಿಂಗ್ ಹೋಮ್’ ಎಂಬ ಆ ಹಾಡನ್ನು ಸುದ್ದಿಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಪತ್ರಿಕೆಯಲ್ಲಿ ಎದ್ದು ಕಾಣುವ ವಸ್ತುಗಳು ಕಾರು ಮತ್ತು ಕೋಟು. ಹಾಡಿನಲ್ಲಿ ಅವೆರಡೂ ಇಲ್ಲ. ಅವುಗಳ ಬದಲಿಗೆ ಬಂದಿರುವುದು ಒಂದು ಚೀಟಿ, ಒಂದು ಕರವಸ್ತ್ರ, ಹಿತ್ತಿಲ ಬಾಗಿಲಿನ ಬೀಗದ ಕೈ. ಎಲ್ಲವನ್ನೂ ಸೇರಿಸಿದರೂ ನಾಲ್ಕು ಕಾಸು ಬಾಳದ ಸಾಮಾನುಗಳು.

ಕಾರು ಹೇಳಬಹುದಾದದ್ದು ತಂದೆಯ ಸಿರಿವಂತಿಕೆಯನ್ನು ಮಾತ್ರ. ಬೆಳಗಿನ ಐದು ಗಂಟೆಗೆ ಮೆಟ್ಟಿಲಿಳಿದು, ಅಡುಗೆಮನೆಯನ್ನು ಹಾಯ್ದು, ಬೆವರುವ ಅಂಗೈಯಲ್ಲಿ ಕರವಸ್ತ್ರವನ್ನು ಮುದುಡಿ ಹಿಡಿದು, ಸದ್ದಾಗದಂತೆ ಬೀಗದ ಕೈ ತಿರುಗಿಸುವ ಹುಡುಗಿಯ ಎದೆಯಲ್ಲಿ ಏನು ನಡೆಯುತ್ತಿದೆಯೆಂದು ಹಾಡು ವಿವರಿಸುವುದೇ ಇಲ್ಲ. ಆ ಕೈಯಲ್ಲಿರುವುದನ್ನು ಕಂಡವರಿಗೆ ವಿವರಣೆ ಬೇಕಾಗುವುದಿಲ್ಲ. ಅವಳು ಹೊರಡುವುದು ಹಿತ್ತಿಲ ಬಾಗಿಲಿನಿಂದ ಎಂಬುದನ್ನು ಗಮನಿಸಬೇಕು. ಮದುವೆಯಾಗಿ ಹೊರಡುವ ಮಗಳು ಮುಂಬಾಗಿಲಿನಿಂದ, ನಾಲ್ಕು ಜನರ ಎದುರಿಗೆ ಹೊರಡುತ್ತಾಳೆ. ಇವಳ ಪಾಲಿಗೆ ಮನೆ ಉಳಿಸಿರುವುದು ಕಸ ಮುಸುರೆ ಹೊರಗೆ ಹೋಗುವ ದಾರಿ.

ಚೀಟಿಯ ಪಾಡು ಇನ್ನೂ ಕಠಿಣ. ಬರೆದವಳಿಗೆ ಅದು ಹೇಳಬೇಕಾದಷ್ಟನ್ನು ಹೇಳಿಲ್ಲವೆಂಬ ಅತೃಪ್ತಿ; ಓದುವ ತಾಯಿಗೆ ಅದು ಹೇಳಿದ್ದೇ ಅತಿಯಾಯಿತು. ತಂದೆಯಿನ್ನೂ ಗೊರಕೆ ಹೊಡೆಯುತ್ತಿದ್ದಾನೆ. ತಾಯಿ ಮೇಲುಡುಗೆಯನ್ನು ಸುತ್ತಿಕೊಂಡು ಬಂದು, ಮೆಟ್ಟಿಲ ತಲೆಯ ಮೇಲೆ ನಿಂತು ಓದಿ ಕುಸಿಯುತ್ತಾಳೆ. ನಡುನಡುವೆ ಹೆತ್ತವರ ಗೋಳು ಕೇಳಿಬರುತ್ತದೆ: ಬಾಳನ್ನೆಲ್ಲ ತೇದದ್ದು, ಕೊಡಿಸಿದ್ದು, ಹೊಟ್ಟೆ ಬಟ್ಟೆ ಕಟ್ಟಿದ್ದು. ಈ ಭಾಗವನ್ನು ಬರೆದವನು ಜಾನ್ ಲೆನನ್. ತನ್ನನ್ನು ಸಾಕಿದ ಮಿಮಿ ದೊಡ್ಡಮ್ಮ ದಿನವೂ ಆಡುತ್ತಿದ್ದ ಮಾತುಗಳನ್ನೇ ಅಲ್ಲಿಗೆ ತಂದೆನೆಂದು ಅವನು ಹೇಳಿಕೊಂಡಿದ್ದನು. ಹಾಡು ಹುಡುಗಿಯ ಪಕ್ಷವನ್ನು ವಹಿಸಿದಂತೆ ತೋರಿದರೂ ತಾಯಿಯ ಕೈಯಲ್ಲಿರುವ ಆ ಚೀಟಿಯನ್ನು ಮರೆಯುವುದಿಲ್ಲ. ಕೇಳುವವರು ಹದಿನೇಳರಲ್ಲಿ ಒಂದು ಕಡೆಗೂ ನಲವತ್ತೇಳರಲ್ಲಿ ಇನ್ನೊಂದು ಕಡೆಗೂ ವಾಲಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇವರು ಮೊದಲಿನಿಂದಲೂ ಹೀಗೆ ಬರೆಯುತ್ತಿದ್ದವರಲ್ಲ. ಲಿವರ್‌ಪೂಲ್ ನಗರದ ಈ ನಾಲ್ವರು ತರುಣರ, ಎಂದರೆ ಲೆನನ್, ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್ ಇವರ, ‘ಲವ್ ಮಿ ಡೂ’ ಎಂಬ ಧ್ವನಿಮುದ್ರಿಕೆ 1962ರ ಅಕ್ಟೋಬರಿನಲ್ಲಿ ಹೊರಬಂದಿತು. ಅಲ್ಲಿಂದ ಎರಡು ಮೂರು ವರ್ಷಗಳ ಹಾಡುಗಳೆಲ್ಲ ಸರ್ವನಾಮಗಳ ಮೇಲೆಯೇ ನಿಂತವು: ‘ನಾನು’, ‘ನೀನು’, ‘ಅವಳು’. ಕೇಳುವ ಪ್ರತಿಯೊಬ್ಬ ಹುಡುಗಿಗೂ ತನ್ನೊಬ್ಬಳನ್ನೇ ಕರೆದಂತಾಗಬೇಕೆಂದು ಬೇಕೆಂದೇ ಹಾಗೆ ಮಾಡಿದೆವೆಂದು ಮೆಕಾರ್ಟ್ನಿ ಬಹಿರಂಗವಾಗಿಯೇ ಒಪ್ಪಿಕೊಂಡಿದ್ದಾನೆ. ಆ ಹಾಡುಗಳಲ್ಲಿ ಕೂರಲು ಕುರ್ಚಿಯಿಲ್ಲ, ಕುಡಿಯಲು ಲೋಟವಿಲ್ಲ. ಪ್ರೇಮಿಗಳಿಬ್ಬರು ಬಯಲಿನಲ್ಲಿ ನಿಂತು ಕೈಹಿಡಿದುಕೊಳ್ಳುತ್ತಾರೆ, ಅಷ್ಟೆ. 1965ರ ಹೊತ್ತಿಗೆ ಸಾಮಾನುಗಳು ಒಂದೊಂದಾಗಿ ಒಳಗೆ ಬರತೊಡಗಿದವು. ಆ ವರ್ಷದ ‘ನಾರ್ವೀಜಿಯನ್ ವುಡ್’ ಎಂಬ ಹಾಡಿನಲ್ಲಿ ಅತಿಥಿಯಾಗಿ ಹೋದವನು ಕೋಣೆಯನ್ನೆಲ್ಲ ಹುಡುಕಿದರೂ ಕುರ್ಚಿ ಕಾಣದೆ ನೆಲದ ಕಂಬಳಿಯ ಮೇಲೆ ಕುಳಿತುಕೊಳ್ಳುತ್ತಾನೆ. ಕುರ್ಚಿಯಿಲ್ಲದ ಮನೆಯಲ್ಲಿ ತನಗೆ ಸ್ಥಳವೂ ಇಲ್ಲವೆಂಬುದು ಅವನಿಗೆ ತಿಳಿಯುವುದು ಬೆಳಗಾದ ಮೇಲೆ. ಅದೇ ವರ್ಷ ಹೊರಬಂದ ‘ಯೆಸ್ಟರ್‌ಡೇ’ ಎಂಬ ವಿಷಾದಗೀತೆಯ ರಾಗ ಹುಟ್ಟಿದಾಗ ಅದಕ್ಕೆ ಮಾತು ದೊರೆಯದೆ, ಬೆಳಗಿನ ಉಪಾಹಾರದ ಮೊಟ್ಟೆಯ ಹೆಸರನ್ನೇ ಬಹಳ ಕಾಲ ಹಾಡಿಕೊಂಡಿದ್ದರಂತೆ. ಮೊಟ್ಟೆ ಉಳಿಯಲಿಲ್ಲವೆಂಬುದು ಎಲ್ಲರ ಪುಣ್ಯ.

ಆದರೆ ಮನೆಯ ಸಾಮಾನು ಹಾಡಿನ ಜೀವವೇ ಆದದ್ದು 1966ರ ಆಗಸ್ಟ್ 5ರಂದು ಬಿಡುಗಡೆಯಾದ ‘ಎಲೀನರ್ ರಿಗ್ಬಿ’ಯಲ್ಲಿ. ಎರಡೇ ನಿಮಿಷ ಚಿಲ್ಲರೆ ಸೆಕೆಂಡುಗಳ ಹಾಡು. ತಟ್ಟೆಯ ಇನ್ನೊಂದು ಮೈಯಲ್ಲಿ ಮಕ್ಕಳು ಕುಣಿದಾಡುವ ‘ಯೆಲ್ಲೋ ಸಬ್‌ಮರೀನ್’. ತಿರುವಿ ಹಾಕಿದವರ ಎದೆ ಜುಮ್ಮೆಂದಿದ್ದರೆ ತಪ್ಪಿಲ್ಲ.

ಎಲೀನರ್ ಒಬ್ಬ ಒಂಟಿ ಹೆಂಗಸು. ಇಗರ್ಜಿಯಲ್ಲಿ ಯಾರದೋ ಮದುವೆ ಮುಗಿದಿದೆ. ಆಂಗ್ಲರಲ್ಲಿಯೂ ವಧೂವರರ ಮೇಲೆ ಅಕ್ಕಿ ಎರಚುವ ಪದ್ಧತಿಯುಂಟು. ಅಕ್ಷತೆಯ ಅರ್ಥವನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದಿಬ್ಬಣ ಹೋದ ಮೇಲೆ ನೆಲದ ಮೇಲಿನ ಆ ಅಕ್ಕಿಯನ್ನು ಎಲೀನರ್ ಹೆಕ್ಕುತ್ತಾಳೆ. ನಮ್ಮ ಮದುವೆಮನೆಗಳಲ್ಲಿ ಚಪ್ಪರ ಬಿಚ್ಚಿದ ಮೇಲೆ ನೆಲ ಗುಡಿಸುವವಳ ಮುಖವನ್ನು ಎಷ್ಟು ಮಂದಿ ನೋಡಿದ್ದಾರೆ? ಹರಸುವುದಕ್ಕಾಗಿ ಎರಚಿದ ಕಾಳು ಇವಳ ಕೈಗೆ ಬರುವಷ್ಟರಲ್ಲಿ ಬರಿಯ ಕಸವಾಗಿದೆ. ಅವಳಿಗೆ ಮದುವೆಯಾಗಿಲ್ಲವೆಂದಾಗಲಿ, ಆಸೆಯಿತ್ತೆಂದಾಗಲಿ ಹಾಡು ಹೇಳುವುದಿಲ್ಲ. ಬಗ್ಗಿ ಕಾಳು ಆರಿಸುವುದನ್ನು ತೋರಿಸಿ ಸುಮ್ಮನಾಗುತ್ತದೆ.

ಅನಂತರ ಅವಳ ಮನೆ. ಅವಳು ಕಿಟಕಿಯ ಬಳಿ ಕಾಯುತ್ತಾಳೆ. ಹೊರಗಿನವರಿಗೆ ತೋರಿಸುವ ಮುಖವನ್ನು ಅವಳು ಬಾಗಿಲ ಹತ್ತಿರದ ಭರಣಿಯೊಂದರಲ್ಲಿ ಇಟ್ಟುಕೊಂಡಿದ್ದಾಳೆಂದು ಹಾಡು ಸೂಚಿಸುತ್ತದೆ. ಈ ಚಿತ್ರದ ಅರ್ಥವೇನೆಂದು ಪಂಡಿತರು ಅನೇಕ ವರ್ಷ ತರ್ಕಿಸಿದರು. ಮುಖವಾಡವೆಂದವರುಂಟು, ಮರಣದ ಸಂಕೇತವೆಂದವರುಂಟು. 2021ರಲ್ಲಿ ಮೆಕಾರ್ಟ್ನಿ ತನ್ನ ಗೀತೆಗಳ ಕುರಿತು ಎರಡು ಸಂಪುಟಗಳ ಪುಸ್ತಕವನ್ನು ಪ್ರಕಟಿಸಿದಾಗ ಹೊರಬಿದ್ದ ಉತ್ತರ ಇವೆಲ್ಲಕ್ಕಿಂತ ಸರಳವಾಗಿತ್ತು: ಅದು ಮುಖಕ್ಕೆ ಹಚ್ಚುವ ಕೋಲ್ಡ್ ಕ್ರೀಮಿನ ಭರಣಿ. ಅವನ ತಾಯಿಗೆ ಪ್ರಿಯವಾಗಿದ್ದದ್ದು ನಿವಿಯಾ ಕ್ರೀಮು; ಬರೆಯುವಾಗ ಮನಸ್ಸಿನಲ್ಲಿದ್ದದ್ದು ಅದೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇರಿ ಮೆಕಾರ್ಟ್ನಿ ಸೂಲಗಿತ್ತಿ ದಾದಿಯಾಗಿದ್ದವಳು. ಅವಳು ಎದೆಯ ಕ್ಯಾನ್ಸರಿನಿಂದ ತೀರಿಕೊಂಡದ್ದು 1956ರ ಅಕ್ಟೋಬರ್ 31ರಂದು. ಪಾಲನಿಗೆ ಆಗ ಹದಿನಾಲ್ಕು ವರ್ಷ, ತಮ್ಮ ಮೈಕೇಲನಿಗೆ ಹನ್ನೆರಡು. ತಂದೆ ಜಿಮ್ ಹತ್ತಿಯ ವ್ಯಾಪಾರದ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದವನು. ಅವನಿಗಿಂತ ಹೆಂಡತಿಯ ಸಂಬಳವೇ ಹೆಚ್ಚು. ಸಾವಿನ ಸುದ್ದಿ ಕೇಳಿದೊಡನೆ ಹುಡುಗನ ಬಾಯಿಂದ ಹೊರಟ ಪ್ರಶ್ನೆ, ಅಮ್ಮನ ಹಣವಿಲ್ಲದೆ ಇನ್ನು ಮನೆ ನಡೆಯುವುದು ಹೇಗೆ ಎಂಬುದು. ಆ ಮಾತಿಗಾಗಿ ಅವನು ಅನೇಕ ವರ್ಷ ನೊಂದುಕೊಂಡನು. ಅದನ್ನು ಮುಚ್ಚಿಡದೆ ಜೀವನಚರಿತ್ರೆ ಬರೆಯುವವರಿಗೂ ಹೇಳಿದನು. ಅವನನ್ನು ಕಲ್ಲೆದೆಯವನೆನ್ನಲಾಗದು. ದುಃಖ ಬಾಗಿಲಿಗೆ ಬಂದಾಗ ಮಕ್ಕಳ ಕೈಗೆ ಸಿಕ್ಕುವ ಮಾತು ಕೆಲವೊಮ್ಮೆ ಹೀಗೆಯೇ ಇರುತ್ತದೆ. ಹತ್ತು ವರ್ಷದ ಬಳಿಕ ಇಪ್ಪತ್ತಮೂರರ ತರುಣನೊಬ್ಬ ಯಾರೋ ಒಬ್ಬ ಒಂಟಿ ಹೆಂಗಸಿನ ಕಥೆಯನ್ನು ಕಟ್ಟುವಾಗ, ಅಮ್ಮನ ಕ್ರೀಮಿನ ಭರಣಿ ತಾನಾಗಿ ಬಂದು ಬಾಗಿಲ ಬಳಿ ಕುಳಿತುಕೊಂಡಿತು. ಹಾಡನ್ನು ಕೇಳಿದ ಕೋಟ್ಯಂತರ ಮಂದಿಗೆ ಅದು ಅವನ ತಾಯಿಯದೆಂದು ಗೊತ್ತಿರಲಿಲ್ಲ. ಆದರೂ ಆ ಭರಣಿಯನ್ನು ದಾಟಿ ಮುಂದಕ್ಕೆ ಹೋಗಲು ಯಾರಿಂದಲೂ ಆಗಲಿಲ್ಲ.

ಎಲೀನರಳ ಒಂಟಿತನವೂ ಬರಿಯ ಕಲ್ಪನೆಯಲ್ಲ. ಬಾಲಕನಾಗಿದ್ದಾಗ ಪಾಲ್ ಒಬ್ಬಂಟಿ ವೃದ್ಧೆಯೊಬ್ಬಳ ಮನೆಗೆ ಹೋಗಿ ಅವಳ ಕಥೆಗಳನ್ನು ಕೇಳುತ್ತಾ ಕೂರುತ್ತಿದ್ದನು. ಅವಳ ಅಡುಗೆಮನೆಯಲ್ಲಿದ್ದ ಹಳೆಯ ಕ್ರಿಸ್ಟಲ್ ರೇಡಿಯೊ ಸಹ ಅವನಿಗೆ ಇಳಿವಯಸ್ಸಿನಲ್ಲಿ ನೆನಪಿದೆ. ವೃದ್ಧರ ಮನೆಯನ್ನು ಮಕ್ಕಳು ನೆನಪಿಟ್ಟುಕೊಳ್ಳುವುದು ಹೀಗೆ, ಸಾಮಾನುಗಳ ಮೂಲಕ.

ಹಾಡಿನ ಎರಡನೆಯ ಪಾತ್ರ ಪಾದ್ರಿ ಮೆಕೆಂಜಿ. ಯಾರೂ ಬಂದು ಕೇಳದ ಉಪದೇಶವನ್ನು ಅವನು ಬರೆಯುತ್ತಾನೆ. ರಾತ್ರಿಯ ಹೊತ್ತು, ಮನೆಯಲ್ಲಿ ಮತ್ತಾರೂ ಇಲ್ಲದಾಗ, ಹರಿದ ಕಾಲುಚೀಲಕ್ಕೆ ರಫೂ ಹಾಕುತ್ತಾನೆ. ಈ ಪಾದ್ರಿಗೆ ಮೊದಲು ಇಟ್ಟಿದ್ದ ಹೆಸರು ಮೆಕಾರ್ಟ್ನಿ. ಆಂಗ್ಲದಲ್ಲಿ ಪಾದ್ರಿಗೂ ತಂದೆಗೂ ಒಂದೇ ಶಬ್ದ. ಜನ ಇದು ನಿನ್ನ ಅಪ್ಪನ ಕಥೆಯೆಂದೇ ತಿಳಿಯುತ್ತಾರೆ ಎಂಬ ಎಚ್ಚರಿಕೆಯ ಮಾತು ಬಂದಿತು. ಅದು ತನ್ನದೆಂದು ಲೆನನ್ನನ ಬಾಲ್ಯದ ಗೆಳೆಯ ಪೀಟ್ ಷಾಟನ್ ಬರೆದಿದ್ದಾನೆ. ಹೆಂಡತಿ ಸತ್ತ ಮೇಲೆ ಇಬ್ಬರು ಗಂಡುಮಕ್ಕಳ ಮನೆಯನ್ನು ತೂಗಿಸಿದ ಜಿಮ್ ಮೆಕಾರ್ಟ್ನಿ ಆಗಿನ್ನೂ ಬದುಕಿದ್ದನು. ಟೆಲಿಫೋನ್ ಡೈರೆಕ್ಟರಿಯನ್ನು ತಿರುವಿ ಹಾಕಿ, ಸಮೀಪದಲ್ಲಿ ಸಿಕ್ಕ ಮೆಕೆಂಜಿ ಎಂಬ ಹೆಸರನ್ನು ತೊಡಿಸಿದರು. ಹೆಸರು ಬದಲಾಯಿತು, ಕಾಲುಚೀಲ ಹಾಗೆಯೇ ಉಳಿಯಿತು.

ಆ ಕಾಲುಚೀಲಕ್ಕೆ ಬೇರೊಂದು ಹಿನ್ನೆಲೆಯೂ ಉಂಟು. ಈ ನಾಲ್ವರು ಹುಟ್ಟಿದ್ದು 1940ರಿಂದ 1943ರ ನಡುವೆ, ಮಹಾಯುದ್ಧದ ನಟ್ಟನಡುವೆ. 1941ರ ಮೇ ತಿಂಗಳಿನಲ್ಲಿ ಲಿವರ್‌ಪೂಲ್ ಬಾಂಬಿನ ಮಳೆಗೆ ಸಿಲುಕಿ ನುಗ್ಗಾಯಿತು. ಮರುತಿಂಗಳು ಬಟ್ಟೆಗೆ ರೇಷನ್ ಬಂದಿತು. ಅದು ಹೋದದ್ದು 1949ರಲ್ಲಿ. ಆಹಾರದ ರೇಷನ್ ಪೂರ್ತಿ ಮುಗಿಯಲು 1954ರ ತನಕ ಕಾಯಬೇಕಾಯಿತು. ಇದ್ದದ್ದರಲ್ಲಿ ಸುಧಾರಿಸಿ, ಹರಿದದ್ದನ್ನು ಹೊಲಿಯಿರಿ ಎಂದು ಸರ್ಕಾರವೇ ಪುಸ್ತಿಕೆಗಳನ್ನು ಹಂಚಿ ಗೃಹಿಣಿಯರಿಗೆ ಬೋಧಿಸಿದ ಕಾಲ ಅದು. ಅಂಥ ಮನೆಗಳಲ್ಲಿ ಬೆಳೆದವರಿಗೆ ರಫೂ ಹಾಕಿದ ಕಾಲುಚೀಲ ಬಡತನದ ಗುರುತಲ್ಲ. ಸಂಜೆಯ ದೀಪದಡಿ ಯಾರೋ ಒಬ್ಬರು ಇನ್ನೊಬ್ಬರಿಗಾಗಿ ಕುಳಿತು ಮಾಡಿದ ಕೆಲಸದ ಗುರುತು. ತನ್ನ ಕಾಲುಚೀಲವನ್ನು ತಾನೇ ಹೊಲಿದುಕೊಳ್ಳುವ ಪಾದ್ರಿಯ ಚಿತ್ರ ಚುಚ್ಚುವುದು ಅದಕ್ಕೇ. 1968ರ ‘ಲೇಡಿ ಮಡೋನಾ’ದಲ್ಲಿ ಮಕ್ಕಳೊಂದಿಗಳಾದ ತಾಯಿಯ ಮುಂದೆ ಹೊಲಿಯಬೇಕಾದ ಕಾಲುಚೀಲಗಳು ಮತ್ತೆ ಬಂದು ಕೂರುತ್ತವೆ.

ಕಥೆಯ ಮುಕ್ತಾಯದಲ್ಲಿ ಎಲೀನರ್ ಸಾಯುತ್ತಾಳೆ. ಹೂಳುವಾಗ ಯಾರೂ ಬರುವುದಿಲ್ಲ. ಪಾದ್ರಿ ಕೈಗೆ ಮೆತ್ತಿದ ಮಣ್ಣನ್ನು ಒರೆಸಿಕೊಳ್ಳುತ್ತಾ ಗೋರಿಯಿಂದ ನಡೆದುಬರುತ್ತಾನೆ. ಎರಡು ಒಂಟಿ ಜೀವಗಳು ಒಂದೇ ಇಗರ್ಜಿಯಲ್ಲಿ ಅಷ್ಟು ಕಾಲವಿದ್ದು ಹತ್ತಿರ ಬಂದದ್ದು ಇಷ್ಟೇ, ಕೈಯ ಮಣ್ಣಿನಷ್ಟು.

ಈ ಹಾಡಿನಲ್ಲಿ ಬೀಟಲ್ಸ್ ತಂಡದ ಯಾರೊಬ್ಬರೂ ವಾದ್ಯವನ್ನು ಮುಟ್ಟಿಲ್ಲವೆಂಬ ಸಂಗತಿ ಅನೇಕರಿಗೆ ತಿಳಿದಿರಲಾರದು. ನಾಲ್ಕು ಪಿಟೀಲು, ಎರಡು ವಯೋಲ, ಎರಡು ಚೆಲ್ಲೋ, ಇಷ್ಟೇ ಪಕ್ಕವಾದ್ಯ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಸ್ವರಪಡಿಸಿದ್ದನ್ನು 1966ರ ಏಪ್ರಿಲ್ 28ರಂದು ಬಾಡಿಗೆಯ ವಾದ್ಯಗಾರರು ನುಡಿಸಿದರು. ಧ್ವನಿ ತಂತ್ರಜ್ಞ ಜೆಫ್ ಎಮೆರಿಕ್ ಮೈಕುಗಳನ್ನು ತಂತಿಗಳಿಗೆ ತಾಗುವಷ್ಟು ಹತ್ತಿರ ಇಟ್ಟನಂತೆ. ಗಾಬರಿಗೊಂಡ ವಾದ್ಯಗಾರರು ಕುರ್ಚಿಗಳನ್ನು ಹಿಂದಕ್ಕೆ ಸರಿಸುತ್ತಲೇ ಇದ್ದರಂತೆ. ಕಮಾನು ತಂತಿಯನ್ನು ಕೊರೆಯುವ ಆ ಒರಟು ಸದ್ದಿನಿಂದಾಗಿ ಮಾತಿನಲ್ಲಿರುವ ಕರುಣೆ ಎಲ್ಲಿಯೂ ಸಿಹಿಯಾಗುವುದಿಲ್ಲ. ಮನೆ ಬಿಟ್ಟು ಹೋದ ಮಗಳ ಹಾಡಿನಲ್ಲಿಯೂ ಹೀಗೆಯೇ, ಗಿಟಾರಿಲ್ಲ, ಡ್ರಮ್ಮಿಲ್ಲ. ತಂತಿವಾದ್ಯಗಳ ಜೊತೆಗೆ ಹಾರ್ಪ್ ಒಂದು ಸೇರಿದೆ. ಅಲ್ಲಿ ತುಸು ಸಿಹಿ ಹೆಚ್ಚಾಯಿತೆಂಬ ದೂರಿನಲ್ಲಿ ಹುರುಳಿಲ್ಲದಿಲ್ಲ. ಭರಣಿಯ ಹಾಡೇ ಹೆಚ್ಚಿನದು.

ಸಾಮಾನುಗಳು ದುಃಖವನ್ನೇ ಹೊರಬೇಕೆಂಬ ನಿಯಮವಿಲ್ಲ. ‘ವೆನ್ ಐ ಆಮ್ ಸಿಕ್ಸ್‌ಟಿಫೋರ್’ ಎಂಬ ಹಾಡಿನ ರಾಗವನ್ನು ಮೆಕಾರ್ಟ್ನಿ ಕಟ್ಟಿದ್ದು ಹದಿನಾರರ ಆಸುಪಾಸಿನಲ್ಲಿ, ಮನೆಯ ಪಿಯಾನೋದ ಮುಂದೆ. ಅದು ಧ್ವನಿಮುದ್ರಣವಾದದ್ದು 1966ರ ಡಿಸೆಂಬರಿನಲ್ಲಿ; ಆ ವರ್ಷದ ಜುಲೈನಲ್ಲಿ ಅವನ ತಂದೆಗೆ ಅರವತ್ತನಾಲ್ಕು ತುಂಬಿತ್ತು. ಮುಪ್ಪಿನಲ್ಲಿಯೂ ನನ್ನನ್ನು ನೋಡಿಕೊಳ್ಳುವೆಯಾ ಎಂದು ಕೇಳುವ ಪ್ರಣಯಿ ತನ್ನ ಕಡೆಯಿಂದ ಒಡ್ಡುವ ಕಾಣಿಕೆ ಚಂದ್ರತಾರೆಗಳಲ್ಲ. ದೀಪ ಹೋದಾಗ ಫ್ಯೂಸು ಹಾಕಿಕೊಡುವೆನೆನ್ನುತ್ತಾನೆ, ತೋಟದ ಕಳೆ ಕೀಳುವೆನೆನ್ನುತ್ತಾನೆ. ಅವಳು ಬೆಂಕಿಯ ಬಳಿ ಕುಳಿತು ಸ್ವೆಟರ್ ಹೆಣೆಯಬಹುದು. ನಗೆ ಬರುತ್ತದೆ. ಆದರೆ ಮೂವತ್ತು ವರ್ಷ ಸಂಸಾರ ಮಾಡಿದವರನ್ನು ಕೇಳಿದರೆ, ಚಂದ್ರನಿಗಿಂತ ಫ್ಯೂಸೇ ಕಷ್ಟದ ಮಾತೆಂದು ಹೇಳಿಯಾರು.

ಲೆನನ್ನನಿಗೆ ಈ ದಾರಿ ಒಗ್ಗಲಿಲ್ಲ. ಅಂಥದೊಂದು ಹಾಡನ್ನು ಬರೆಯುವುದು ತನಗೆ ಕನಸಿನಲ್ಲಿಯೂ ಸಾಧ್ಯವಿಲ್ಲವೆಂದು 1980ರಲ್ಲಿ ಸಂದರ್ಶಕರಿಗೆ ಹೇಳಿದನು. ಅಂಚೆಯವರು, ಗುಮಾಸ್ತೆಯರು ಮೊದಲಾದ ಸಪ್ಪೆ ಜನರ ಸಪ್ಪೆ ಕೆಲಸಗಳ ಕಥೆ ತನಗೆ ಬೇಡ, ತನ್ನನ್ನು ಕುರಿತು ಬರೆಯುವುದೇ ಇಷ್ಟವೆಂದನು. ಅವನೂ ಅಮ್ಮನನ್ನು ಕಳೆದುಕೊಂಡವನೇ. 1958ರ ಜುಲೈನಲ್ಲಿ, ಅವನ ಹದಿನೇಳನೆಯ ವಯಸ್ಸಿನಲ್ಲಿ, ತಾಯಿ ಜೂಲಿಯ ಮಿಮಿಯ ಮನೆಯ ಸಮೀಪದ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತಳು. ಹತ್ತು ವರ್ಷದ ಮೇಲೆ ಅವಳ ಹೆಸರನ್ನೇ ಇಟ್ಟು ಬರೆದ ಹಾಡಿನಲ್ಲಿ ಕಡಲಿದೆ, ಚಿಪ್ಪಿದೆ, ಮರಳಿದೆ. ಅಡುಗೆಮನೆಯ ಸಾಮಾನು ಒಂದೂ ಇಲ್ಲ. ತಾಯಿಯೊಡನೆ ಒಂದೇ ಸೂರಿನಡಿ ಬೆಳೆಯದ ಹುಡುಗನಿಗೆ ಅವಳ ಮನೆಯ ಭರಣಿ ಎಲ್ಲಿಂದ ನೆನಪಾಗಬೇಕು? ಒಬ್ಬನು ಹೆಸರು ಹಿಡಿದು ಕರೆದನು; ಇನ್ನೊಬ್ಬನು ಹೆಸರೆತ್ತದೆ ಅವಳ ಕ್ರೀಮಿನ ಭರಣಿಯನ್ನು ಇಟ್ಟನು. ಮೆಕಾರ್ಟ್ನಿಯ ಹಾಡಿಗೆ ಮೇರಿ ಹೆಸರು ಸಹಿತ ಬಂದದ್ದು 1970ರಲ್ಲಿ ಹೊರಬಂದ ‘ಲೆಟ್ ಇಟ್ ಬಿ’ಯಲ್ಲಿ. ತಂಡ ಒಡೆದದ್ದೂ ಅದೇ ವರ್ಷ.

ಎಲೀನರ್ ರಿಗ್ಬಿ ಎಂಬ ಹೆಸರಿಗೂ ಒಂದು ಕಥೆಯುಂಟು. ಎಲೀನರ್ ಎಂಬುದನ್ನು ನಟಿ ಎಲೀನರ್ ಬ್ರಾನಳಿಂದಲೂ, ರಿಗ್ಬಿಯನ್ನು ಬ್ರಿಸ್ಟಲ್ ನಗರದ ಅಂಗಡಿಯೊಂದರ ಫಲಕದಿಂದಲೂ ಎತ್ತಿಕೊಂಡೆನೆಂದು ಮೆಕಾರ್ಟ್ನಿ ಹೇಳುತ್ತಾ ಬಂದನು. ಆದರೆ 1980ರ ದಶಕದಲ್ಲಿ ಲಿವರ್‌ಪೂಲಿನ ವುಲ್ಟನ್ ಬಡಾವಣೆಯ ಸೇಂಟ್ ಪೀಟರ್ ಇಗರ್ಜಿಯ ಅಂಗಳದಲ್ಲಿ ಅದೇ ಹೆಸರು ಕೆತ್ತಿದ ಗೋರಿಕಲ್ಲು ಜನರ ಗಮನಕ್ಕೆ ಬಂದಿತು. ಆ ಹೆಂಗಸು ನಲವತ್ತನಾಲ್ಕು ವರ್ಷ ಬದುಕಿ 1939ರ ಅಕ್ಟೋಬರ್ 10ರಂದು ತೀರಿಕೊಂಡವಳು. 1957ರ ಜುಲೈ 6ರಂದು ಲೆನನ್ ಮತ್ತು ಮೆಕಾರ್ಟ್ನಿ ಮೊತ್ತಮೊದಲು ಭೇಟಿಯಾದದ್ದು ಅದೇ ಇಗರ್ಜಿಯ ಜಾತ್ರೆಯ ದಿನ. ತನಗೆ ಅರಿವಿಲ್ಲದೆ ಹೆಸರು ಮನಸ್ಸಿನಲ್ಲಿ ಉಳಿದಿರಬಹುದೆಂದು ಅವನು ಒಪ್ಪುತ್ತಾನೆ. ಭರಣಿಯೊಂದು ಹತ್ತು ವರ್ಷ ಉಳಿಯುವುದಾದರೆ ಹೆಸರು ಉಳಿಯಬಾರದೇಕೆ?

1982ರಲ್ಲಿ ಲಿವರ್‌ಪೂಲಿನ ಸ್ಟ್ಯಾನ್ಲಿ ಬೀದಿಯಲ್ಲಿ ಎಲೀನರಳ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು, ಕೂರಿಸಿದರು ಎನ್ನಬೇಕು. ಮಾಡಿದವನು ಗಾಯಕ ನಟ ಟಾಮಿ ಸ್ಟೀಲ್. ಅವನು ಪಡೆದ ಸಂಭಾವನೆ ಅರ್ಧ ಸಿಕ್ಸ್‌ಪೆನ್ಸ್, ಎಂದರೆ ಮೂರು ಪೆನ್ನಿ. ಕಲ್ಲುಬೆಂಚಿನ ಮೇಲೆ ತಲೆಗೆ ವಸ್ತ್ರ ಕಟ್ಟಿದ ಹೆಂಗಸು. ಮಡಿಲಲ್ಲಿ ಕೈಚೀಲ, ಪಕ್ಕದಲ್ಲಿ ಒಂದು ಪತ್ರಿಕೆ, ಅದರ ಮೇಲೆ ಗುಬ್ಬಚ್ಚಿ. ಹಾದಿಹೋಕರು ಬಂದು ಅವಳ ಪಕ್ಕ ಕುಳಿತು ಚಿತ್ರ ತೆಗೆಸಿಕೊಳ್ಳುತ್ತಾರೆ. ಹೊರಗಿನಿಂದ ಕಾಣದ ಸಂಗತಿಯೊಂದಿದೆ. ಕಂಚಿನ ಒಳಗೆ ಸ್ಟೀಲ್ ಕೆಲವು ಸಾಮಾನುಗಳನ್ನು ಇಟ್ಟು ಮುಚ್ಚಿದ್ದಾನೆ: ಬೈಬಲಿನ ಒಂದು ಹಾಳೆ, ಅದೃಷ್ಟಕ್ಕೆಂದು ನಾಲ್ಕೆಲೆಯ ಕ್ಲೋವರ್ ಕುಡಿ, ಮತ್ತೆ ಒಂದು ಜೊತೆ ಕಾಲುಚೀಲ, ಫುಟ್‌ಬಾಲ್ ಆಡುವವರದು.